ಉಸಿರು ಕೇಳಿ ಬೆಲೆ ಬರೆಯುತ್ತಿದ್ದವರು

ಮೊನ್ನೆ ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೆ ಸಿಲ್ವರ್ ಪೇಂಟ್ ಹೊಡೆಯುತ್ತಿದ್ದರು. ಆಯುಧಪೂಜೆ ಹತ್ತಿರ ಬಂದಿತ್ತಲ್ಲ, ಅದಕ್ಕೆ. ರಾಯಚೂರಿನ ಬಿಸಿಲಿಗೆ ಕಾದು ಆ ವಾಸನೆ ನಮ್ಮ ಬಾಲ್ಕನಿಯವರೆಗೂ ಏರಿ ಬಂತು. "ಮಮ್ಮಿ, ತಲಿ ಹಿಡೀತದ, ಒಳಗ ಬಾ," ಅಂತ ಮಗಳು ಕರೆದಳು. ನಾನು ಏಳಲಿಲ್ಲ. ಏಳಲಾಗಲಿಲ್ಲ ಅನ್ನುವುದು ಸರಿ. ಎಡಗೈ ತಾನಾಗಿಯೇ ಮುಷ್ಟಿ ಕಟ್ಟಿತ್ತು, ಒಳಗೊಂದು ವಾಚು ಇನ್ನೂ ಟಿಕ್‌ಟಿಕ್ ಅನ್ನುತ್ತಿದೆಯೇನೋ ಎಂಬ ಹಾಗೆ...

ಸಿಲ್ವರ್ ಪೇಂಟ್ ಅಂದರೆ ನನಗೆ ಗೇಟು ಅಲ್ಲ, ಬಾಯ್ಲರ್. ಬಾಯ್ಲರ್ ಅಂದರೆ ಅವರು. ಯಂತ್ರಗಳಿಗೆ ಬೆಲೆ ಕಟ್ಟುವುದು ಅವರ ಪ್ರೊಫೆಶನ್. ನಮ್ಮ ಮನೆಯಲ್ಲಿ ಅವರನ್ನು ಬೆಲಿ ಕಟ್ಟೋ ಸಾಹೇಬ್ರು ಅನ್ನುತ್ತಿದ್ದರು. ನಾನೊಬ್ಬಳೇ ಅಂಕಲ್ ಅನ್ನುತ್ತಿದ್ದೆ.

ನಾನು ಓದಿದ್ದು ಸಿಕಂದರಾಬಾದಿನ ಕಾನ್ವೆಂಟಿನಲ್ಲಿ. ಅಪ್ಪ ರೈಲ್ವೆಯಲ್ಲಿದ್ದರು. ಮದುವೆಯಾಗಿ ಬಂದದ್ದು ಮಾನ್ವಿಗೆ, ಊರ ಅಂಚಿನಲ್ಲಿ ಪೋತ್ನಾಳದ ರಸ್ತೆಗೆ ಮುಖ ಮಾಡಿದ್ದ ಒಂದು ರೈಸ್ ಮಿಲ್ಲಿನ ಮನೆಗೆ. ಮನೆ ಬೇರೆ ಮಿಲ್ಲು ಬೇರೆ ಅಂತ ಇರಲಿಲ್ಲ. ನಮ್ಮ ಹಿಂದಿನ ಕೋಣೆಗೂ ಬಾಯ್ಲರ್ ಶೆಡ್ಡಿಗೂ ನಡುವೆ ಒಂದೇ ಗೋಡೆ. ನೆನೆಸಿದ ಭತ್ತ ಬೇಯಿಸಲು ಸ್ಟೀಮ್ ಬೇಕಲ್ಲ, ಅದಕ್ಕೆ ಆ ಬಾಯ್ಲರ್. ರಾಯಚೂರಿನಲ್ಲಿ ಯಾವುದೋ ಹತ್ತಿ ಜಿನ್ನಿಂಗ್ ಮಿಲ್ಲು ಮುಚ್ಚಿದಾಗ ನಮ್ಮ ಮಾವನವರ ತಂದೆ ಎತ್ತಿನ ಬಂಡಿಯ ಮೇಲೆ ಹೇರಿಸಿಕೊಂಡು ತಂದದ್ದಂತೆ. ಪ್ರತಿ ಆಯುಧಪೂಜೆಗೆ ಅದಕ್ಕೊಂದು ಕೋಟ್ ಸಿಲ್ವರ್ ಪೇಂಟ್, ಮೇಲೆ ಮೂರು ಬೆರಳಿನ ವಿಭೂತಿ. ಶೆಡ್ಡಿನ ಕತ್ತಲಲ್ಲಿ ಮಲಗಿದ ಬಿಳಿ ಆನೆಯ ಹಾಗೆ ಕಾಣುತ್ತಿತ್ತು.

ಮೊದಲ ದಿನದಿಂದಲೂ ನನಗೆ ಅದರ ಭಯ. ಗೋಡೆಯ ಆಚೆ ಅದು ಸದಾ ಏನೋ ಗುಸುಗುಸು ಮಾಡುತ್ತಿತ್ತು. ಗೋಡೆ ಮುಟ್ಟಿದರೆ ಜ್ವರ ಬಂದವರ ಮೈಯಂತೆ ಬೆಚ್ಚಗೆ. ಮನೆಯವರಿಗೆಲ್ಲ ನನ್ನ ಭಯ ಒಂದು ತಮಾಷೆ. "ಕಾನ್ವೆಂಟ್ ಸೊಸಿ, ಹಲ್ಲಿಗೂ ಅಂಜತಾಳ, ಬಾಯ್ಲರಿಗೂ ಅಂಜತಾಳ," ಅಂತ ಅತ್ತೆಯವರು ಬಂದವರೆದುರೆಲ್ಲ ನಗುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಸ್ವಲ್ಪ ಗಂಭೀರವಾಗಿ, "ಅದು ಈ ಮನಿ ಹಿರೀಕ ಬೇ. ಅನ್ನ ಹಾಕೂದಕ್ಕ ಅಂಜತಾರೇನು? ಕೈ ಮುಗೀಬೇಕು," ಅನ್ನುತ್ತಿದ್ದರು.

ಮಗಳು ಹುಟ್ಟಿದ ವರ್ಷ ಚಳಿ ಜೋರಿತ್ತು. ಕೂಸಿಗೆ ಕಾವು ಒಳ್ಳೆಯದು ಅಂತ ಅತ್ತೆಯವರು ತೊಟ್ಟಿಲನ್ನು ಆ ಗೋಡೆಗೆ ತಾಗಿಸಿ ಇಡಿಸಿದರು. ನಾನು ಬೆಳಿಗ್ಗೆ ಎಳೆದು ಈಚೆ ತರುವುದು, ನಾನು ಸ್ನಾನ ಮುಗಿಸಿ ಬರುವುದರೊಳಗೆ ಅದು ಮತ್ತೆ ಗೋಡೆಯ ಪಕ್ಕಕ್ಕೆ ಹೋಗಿರುವುದು. ಇಬ್ಬರೂ ಬಾಯಿ ಬಿಟ್ಟು ಜಗಳವಾಡಲಿಲ್ಲ. ತೊಟ್ಟಿಲೇ ಆಚೆ ಈಚೆ ಓಡಾಡುತ್ತಿತ್ತು.

ಆ ಚಳಿಗಾಲದಲ್ಲೇ ಮಾವನವರಿಗೆ ಭತ್ತದ ಸಿಪ್ಪೆ ಸುಲಿಯುವ ಹೊಸ ಶೆಲ್ಲರ್ ಹಾಕುವ ಮನಸ್ಸಾಯಿತು. ಸಾಲ ಕೊಡುವ ಮೊದಲು ಮಿಲ್ಲಿನ ಎಲ್ಲ ಮಷಿನರಿಯ ವ್ಯಾಲ್ಯುವೇಶನ್ ಆಗಬೇಕು, ರಾಯಚೂರಿನಿಂದ ವ್ಯಾಲ್ಯುವರ್ ಬರುತ್ತಾರೆ ಅಂತ ಬ್ಯಾಂಕಿನವರು ಹೇಳಿ ಕಳಿಸಿದರು. ಇದನ್ನು ಕೇಳಿ ಅತ್ತೆಯವರಿಗೆ ಹಿಡಿದ ಭಯ ನನ್ನ ಭಯಕ್ಕಿಂತ ದೊಡ್ಡದು. ಯಾರೋ ಹೊರಗಿನವನು ಬಂದು, ಮನೆಯ ಅನ್ನದ ಸಾಮಾನನ್ನೆಲ್ಲ ತಲೆಯಿಂದ ಕಾಲಿನವರೆಗೆ ನೋಡಿ, ಇಷ್ಟು ಬಾಳುತ್ತದೆ ಅನ್ನುವುದು!

"ಸಂತ್ಯಾಗ ಎಮ್ಮಿ ಮಾರೋವಾಗ ಸುದ್ದಾ ಬಾಯಿ ಬಿಟ್ಟು ರೇಟ್ ಹೇಳಂಗಿಲ್ಲ. ಟವೆಲ್ ಒಳಗ ಬೆರಳು ಹಿಡಿದು ಹೇಳತಾರ. ಯಾಕ? ಕಣ್ಣು ತಾಗಬಾರದಂತ," ಅಂದರು ಅತ್ತೆ. "ಇಂವ ನೋಡಿದ್ರ ಎಲ್ಲಾ ದಿಟ್ಟಿಸಿ ನೋಡಿ ಬರಕೊಂಡು ಹೋಗತಾನಂತ. ಸುಟ್ಟಬರಲಿ ಆ ಕಣ್ಣು."

ಮಾವನವರು ತಮ್ಮ ಪಾಡಿಗೆ ಮಷಿನ್‌ಗಳಿಗೆಲ್ಲ ಹೊಸದಾಗಿ ಪೇಂಟ್ ಹೊಡೆಸಿದರು, ನೋಡಿದವರಿಗೆ ಹೊಸದೆನ್ನಿಸಲಿ ಅಂತ. ಅತ್ತೆಯವರು ತಮ್ಮ ಪಾಡಿಗೆ ಒಂದು ಭಾರೀ ಬೂದುಗುಂಬಳಕಾಯಿ ತರಿಸಿದರು. ಸಾಹೇಬರು ಬರುವ ದಿನ ಬೆಳಿಗ್ಗೆ ಪೂಜೆ ಮಾಡಿ, ಕಾಯನ್ನು ಕೆಂಪು ಬಟ್ಟೆಯಲ್ಲಿ ಸುತ್ತಿ, ಒಬ್ಬ ಹಮಾಲನನ್ನು ಏಣಿ ಹತ್ತಿಸಿದರು. ನಾನು ಕೂಸನ್ನು ಎತ್ತಿಕೊಂಡು ಅಂಗಳದ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಬಾಯ್ಲರಿನ ನೆತ್ತಿಯಿಂದ ಕಬ್ಬಿಣದ ತೋಳಿನಂಥದ್ದೊಂದು ಚಾಚಿಕೊಂಡಿತ್ತು. ಅದರ ತುದಿಗೆ ಆಗಲೇ ಒಂದು ಕಬ್ಬಿಣದ ಗುಂಡು ತೂಗುತ್ತಿತ್ತು. "ಅದಕ್ಕ ಕಟ್ಟೋ, ಕಟ್ಟಾಕ ಅಂತನ ಮಾಡಿಟ್ಟಂಗದ," ಅಂದರು ಅತ್ತೆ. ಅವನು ಗುಂಡಿನ ಪಕ್ಕಕ್ಕೇ ಬಿಗಿದು ಕಟ್ಟಿದ. ಮೇಲೆ ಚೆಂಡುಹೂವಿನ ಮಾಲೆಗಳನ್ನು ಹೊದಿಸಿದರು. ಕಾಯಿಯೂ ಕಾಣದು, ತೋಳೂ ಕಾಣದು, ಬರೀ ಹೂವು. ಅದು ಏನು ತೋಳು, ಯಾಕಿದೆ ಅಂತ ನನಗೆ ಗೊತ್ತಿರಲಿಲ್ಲ. ಅವರಿಗೂ ಗೊತ್ತಿರಲಿಲ್ಲ.

ಅಂಕಲ್ ಬಸ್ಸಿನಿಂದ ಇಳಿದು ನಡೆದು ಬಂದರು. ಸಣಕಲು ಆಳು, ಸೋಡಾಬುಡ್ಡಿ ಕನ್ನಡಕ, ಕಂದು ಕೋಟು. ಪ್ಯಾಂಟಿನ ಕಾಲುಗಳಿಗೆ ಸೈಕಲ್ ಹೊಡೆಯುವವರು ಹಾಕುವ ಕ್ಲಿಪ್ಪು. ಸೈಕಲ್ ಮಾತ್ರ ಇಲ್ಲ! ನಾನು ಸೆರಗಿನೊಳಗೆ ನಕ್ಕೆ. ಮಿಲ್ಲಿನ ಬೆಲ್ಟುಗಳಿಗೆ ಬಟ್ಟೆ ಸಿಗಬಾರದೆಂದು ಹಾಕಿದ್ದು ಅಂತ ಆಮೇಲೆ ತಿಳಿಯಿತು. ಅವರು ಮೊದಲು ನೋಡಿದ್ದು ಯಾವ ಮಷಿನ್ನನ್ನೂ ಅಲ್ಲ, ಶೆಡ್ಡಿನ ಬಾಗಿಲನ್ನು. ತಳ್ಳಿ ನೋಡಿದರು, ಎಳೆದು ನೋಡಿದರು, ಹೊಸ್ತಿಲ ಬಳಿ ಬಿದ್ದಿದ್ದ ಚೀಲಗಳನ್ನು ಸರಿಸಲು ಹೇಳಿದರು.

"ಸಾಹೇಬ್ರ, ನೀವು ಮಿಷನ್ನಿಗೆ ಬೆಲಿ ಕಟ್ಟಾಕ ಬಂದೀರೋ, ಬಾಗಲಕ್ಕೋ?" ಅಂದರು ಮಾವನವರು.

"ಬಾಗಲದಿಂದನ ಶುರು ಮಾಡೂದ್ರಿ. ನನಗ ಹೊರಗ ಬರಾಕ ಆಗದಿದ್ರ, ಬರದ ಬೆಲಿ ನಿಮಗ ಕೊಡವರು ಯಾರು?"

ನೀರು ಕೊಡಲು ಹೋದಾಗ ಅವರು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಗೋಡೆ ನೋಡಿದರು, ತೊಟ್ಟಿಲು ನೋಡಿದರು. ಕೈಯ ವಾಚು ಬಿಚ್ಚಿ ನನಗೆ ಕೊಟ್ಟರು. "ಹಿಡಕೋ ತಂಗೀ. ಬೆಲ್ಟಿಗೆ ವಾಚಂದ್ರ ಭಾಳ ಪ್ರೀತಿ, ಕೈ ಸಮೇತ ತಗೋತದ." ನಾನು ಅಭ್ಯಾಸಬಲದಿಂದ "ಥ್ಯಾಂಕ್ ಯು" ಅಂದುಬಿಟ್ಟೆ. ವಾಚು ಕೊಟ್ಟವರು ಅವರು, ಥ್ಯಾಂಕ್ಸ್ ನನ್ನದು! ಅವರು ನಕ್ಕರು. "ವಿಚ್ ಕಾನ್ವೆಂಟ್?" ಅಂತ ಕೇಳಿದರು. ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ಇಂಗ್ಲಿಷ್. ಹೇಳಿದೆ. ಅವರು ಗೋಡೆಯ ಕಡೆ ಕಣ್ಣು ಮಾಡಿ, ದನಿ ತಗ್ಗಿಸಿ, "ಆರ್ ಯು ಅಫ್ರೇಡ್ ಆಫ್ ಇಟ್?" ಅಂದರು. ತಲೆಯಾಡಿಸಿದೆ. ಇವರೂ ನಗುತ್ತಾರೆ ಅಂದುಕೊಂಡೆ.

"ಗುಡ್," ಅಂದರು. "ಸೋ ಆ್ಯಮ್ ಐ."

ಎಲ್ಲರೂ ನಗುವವರೆಗೆ ಅದು ನನ್ನೊಬ್ಬಳ ಹುಚ್ಚು ಅಂದುಕೊಳ್ಳಬಹುದಿತ್ತು. ಬಲ್ಲವರೇ ಹೆದರುತ್ತಾರೆ ಅಂದಮೇಲೆ...

ಮಧ್ಯಾಹ್ನದವರೆಗೆ ಅವರು ಒಂದೊಂದೇ ಯಂತ್ರ ನೋಡಿದರು. ಸಣ್ಣ ಸುತ್ತಿಗೆಯಿಂದ ತಟ್ಟಿ, ಕಣ್ಣು ಮುಚ್ಚಿ, ಸದ್ದು ಕೇಳುವರು. ದಂತವೈದ್ಯರ ಬಳಿ ಇರುವಂಥ ಕನ್ನಡಿಯನ್ನು ಮಷಿನ್ನಿನ ಹೊಟ್ಟೆಯ ಕೆಳಗೆ ಹಿಡಿದು ಇಣುಕುವರು. ಸೀಮೆಎಣ್ಣೆ ಬಟ್ಟೆಯಿಂದ ಮಾವನವರ ಹೊಸ ಪೇಂಟನ್ನು ಅಲ್ಲಲ್ಲಿ ಒರೆಸಿಬಿಡುವರು. ಮಾವನವರ ಮುಖ ಸಣ್ಣದಾಗುತ್ತಿತ್ತು. "ಬಣ್ಣಕ್ಕ ಬೆಲಿ ಇಲ್ರಿ," ಅಂದರು ಅಂಕಲ್, "ಹೊಸಾ ಬಣ್ಣ ನೋಡಿದ್ರ ನನಗ ಇನ್ನಷ್ಟು ಅಂಜಿಕಿ."

ಕೊನೆಗೆ ಬಾಯ್ಲರ್. ಅವರದೊಂದು ನೇಮವಿತ್ತು. ಬಾಯ್ಲರ್ ತಮ್ಮೆದುರು ಒಮ್ಮೆ ಉಸಿರು ಬಿಡುವವರೆಗೆ ಅದರ ಬೆಲೆ ಬರೆಯುತ್ತಿರಲಿಲ್ಲ. ಸ್ಟೀಮ್ ಹೊರಗೆ ಹೋಗುವ ದಾರಿಯನ್ನೆಲ್ಲ ಮುಚ್ಚಿ ಬೆಂಕಿ ಹಾಕುತ್ತ ಹೋಗಬೇಕು. ಒಳಗಿನ ಒತ್ತಡ ಹೆಚ್ಚಿ, ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿದಾಗ ನೆತ್ತಿಯ ಮೇಲಿನ ಆ ತೋಳು ತಾನೇ ಮೇಲೇಳಬೇಕು, ಹೆಚ್ಚಾದ ಸ್ಟೀಮನ್ನು ಸಿಳ್ಳೆ ಹೊಡೆದು ಹೊರಗೆ ಬಿಡಬೇಕು. ಸೇಫ್ಟಿ ವಾಲ್ವ್ ಅಂದರೆ ಅದೇ. ತುದಿಯ ಗುಂಡು ಅಳೆದು ತೂಗಿ ಹಾಕಿದ್ದು. ನಮ್ಮಲ್ಲಿ ಸ್ಟೀಮ್ ಆದಹಾಗೆಲ್ಲ ಭತ್ತದ ಟ್ಯಾಂಕಿಗೆ ಹೋಗುತ್ತಿದ್ದುದರಿಂದ ಅದು ಎದ್ದದ್ದನ್ನು ಯಾರೂ ನೋಡಿರಲಿಲ್ಲ.

"ಮ್ಯಾಲಿನ ಹೂವು ತಗಸ್ರಿ," ಅಂದರು ಅಂಕಲ್.

"ಮುಂಜಾನಿ ಪೂಜಿ ಆಗ್ಯಾದ್ರಿ ಸಾಹೇಬ್ರ. ಹೊತ್ತು ಮುಳುಗೂ ಮಟ ತಗಿಯಂಗಿಲ್ಲ," ಅಂದರು ಮಾವನವರು.

ಅಂಕಲ್ ಮತ್ತೊಮ್ಮೆ ಹೂವಿನ ಕಡೆ ನೋಡಿದರು. ಆಮೇಲೆ ಬಾಯ್ಲರಿಗೆ ಕೈ ಮುಗಿದು, "ಇರಲಿ," ಅಂದರು.

ನಾನು ಚಹಾ ತಂದು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ನಮ್ಮವರು, ಅಂದರೆ ನನ್ನ ಗಂಡ, ಗೇಜಿನ ಮುಂದೆ ನಿಂತು ಮುಳ್ಳು ಎಲ್ಲಿಗೆ ಬಂತೆಂದು ಕೂಗಿ ಹೇಳುತ್ತಿದ್ದರು. ಒಲೆ ನೋಡಿಕೊಳ್ಳುವ ಮುದುಕ ಭತ್ತದ ಹೊಟ್ಟು ಸುರಿಯುತ್ತಿದ್ದ. ಕೆಂಪು ಗೆರೆ ಹತ್ತಿರ ಬಂತು. ಮುಟ್ಟಿತು. ದಾಟಿತು. ತೋಳು ಏಳಲಿಲ್ಲ.

ಬಾಯ್ಲರಿನ ಗುಸುಗುಸು ನಿಂತುಹೋಯಿತು. ಅದರ ಬದಲು ಸಣ್ಣಗೆ, ಹಲ್ಲು ಕಚ್ಚಿಕೊಂಡು ಮುಲುಗಿದಂಥ ಒಂದು ಸದ್ದು ಬರತೊಡಗಿತು. ನನ್ನ ಕೈಯ ಟ್ರೇಯಲ್ಲಿ ಕಪ್ಪುಗಳು ತಾವೇ ಮಾತಾಡುತ್ತಿದ್ದವು.

ಒಲೆಯ ಮುದುಕ ಕಬ್ಬಿಣದ ಸಲಾಕೆ ಎತ್ತಿಕೊಂಡು ಏಣಿಯತ್ತ ಹೋದ. "ಜಾಮ್ ಆಗಿರಬೇಕ್ರಿ. ಒಂದೇಟು ಹಾಕಿದ್ರ ಬಿಡತದ."

"ಬಡೀಬ್ಯಾಡ!" ಅಂಕಲ್ ದನಿ ಒಡೆದುಹೋಗಿತ್ತು. "ಅದಕ್ಕ ಕೈ ಹಚ್ಚಬ್ಯಾಡ! ಹೊಟ್ಟು ನಿಲ್ಸು. ಬೆಂಕಿ ಹೊರಗ ಎಳಿ. ತಮ್ಮಾ, ಟ್ಯಾಂಕಿಗೆ ಸ್ಟೀಮ್ ಬಿಡು... ಮೆಲ್ಲಕ, ಮೆಲ್ಲಕ ತಿರುವು." ಆಮೇಲೆ ಹೂವಿನ ಕಡೆ ನೋಡುತ್ತ, ತಮಗೆ ತಾವೇ, "ತೋಳು ಯಾಕ ಏಳವಲ್ದು... ಯಾಕ ಏಳವಲ್ದು..."

ತೋಳು ಎಂಬ ಮಾತು ಕಿವಿಗೆ ಬಿದ್ದದ್ದೇ ನನಗೆ ತಿಳಿದುಹೋಯಿತು. ಆದರೆ ಎದುರಿಗೆ ಮಾವನವರು ನಿಂತಿದ್ದಾರೆ. ಆ ಮನೆಯಲ್ಲಿ ಸೊಸೆಯಂದಿರು ಮಾವನ ಮುಂದೆ ಬಾಯಿ ತೆರೆಯುವಂತಿರಲಿಲ್ಲ. ಬಂದಾಗಿನಿಂದ ಒಂದು ಮಾತೂ ನಾನು ಅವರೆದುರು ಆಡಿರಲಿಲ್ಲ. ಬಾಯಿ ತೆರೆದೆ, ಕನ್ನಡ ಗಂಟಲಲ್ಲೇ ಸತ್ತಿತು. ಮತ್ತೆ ತೆರೆದೆ. ಸಿಸ್ಟರ್‌ಗಳ ಮುಂದೆ ಪಾಠ ಒಪ್ಪಿಸುವ ಹುಡುಗಿಯ ದನಿಯಲ್ಲಿ ಇಂಗ್ಲಿಷ್ ಬಂತು.

"ಅಂಕಲ್! ದೇರ್ ಈಸ್ ಎ ಪಂಪ್ಕಿನ್ ಆನ್ ದಿ ಆರ್ಮ್! ಎ ಬಿಗ್ ಒನ್! ಅಂಡರ್ ದ ಫ್ಲವರ್ಸ್!"

ಎಲ್ಲರೂ ತಿರುಗಿ ನೋಡಿದರು. "ಏನಂತಾಳಕಿ?" ಅಂದರು ಮಾವನವರು. ಅಂಕಲ್ ಅರ್ಥ ಹೇಳುತ್ತ ನಿಲ್ಲಲಿಲ್ಲ. ಸ್ಟೀಮ್ ಬಿಡುವ ಗಾಲಿ ತಿರುಗಿಸುತ್ತಿದ್ದ ನಮ್ಮವರನ್ನು ಮಾತ್ರ ಬಿಟ್ಟು, "ಎಲ್ಲಾರೂ ಹೊರಗ ನಡೀರಿ, ರಸ್ತಾಕ್ಕ ನಡೀರಿ," ಅಂತ ಕೂಗಿದರು. ನನ್ನ ಕಡೆ ನೋಡಿ ಎರಡೇ ಮಾತು: "ದ ಚೈಲ್ಡ್. ರನ್."

ಟ್ರೇ ಎಲ್ಲಿ ಬಿತ್ತೋ ಗೊತ್ತಿಲ್ಲ. ತೊಟ್ಟಿಲು ಗೋಡೆಗೇ ತಾಗಿ ನಿಂತಿತ್ತು. ಗೋಡೆಯ ಸುಣ್ಣ ಸಣ್ಣಗೆ ಉದುರುತ್ತಿತ್ತು, ಕೂಸಿನ ದುಪ್ಪಟಿಯ ಮೇಲೆ ಬಿಳಿ ಪುಡಿ. ಅದು ಹಾಯಾಗಿ ಮಲಗಿತ್ತು, ಹಣೆಯ ಮೇಲೆ ಬೆವರು. ದುಪ್ಪಟಿ ಸಮೇತ ಬಾಚಿಕೊಂಡು ಓಡಿದೆ. ಜಗುಲಿಯ ಮೇಲೆ ಅಕ್ಕಿ ಆರಿಸುತ್ತಿದ್ದ ಅತ್ತೆಯವರ ರಟ್ಟೆ ಹಿಡಿದು ಎಳೆದೆ. "ಏನಾತ ಬೇ ನಿನಗ! ಸೆರಗು ಹೊದಕೋ, ಮಂದಿ ನೋಡಾಕತ್ತಾರ!" ಅನ್ನುತ್ತಲೇ ಅವರೂ ನನ್ನ ಹಿಂದೆ ಓಡಿದರು.

ರಸ್ತೆಯಾಚೆ ಹುಣಸೆಮರದ ಕೆಳಗೆ ನಿಂತೆವು. ಹಮಾಲರು ಬಂದರು. ಒಲೆಯ ಮುದುಕ ಬಂದ. ಮಾವನವರು ಬಂದರು, ಕಾಲಲ್ಲಿ ಚಪ್ಪಲಿ ಇಲ್ಲ. ನಮ್ಮವರು ಬರಲಿಲ್ಲ. ಅಂಕಲ್ ಬರಲಿಲ್ಲ. ಮಿಲ್ಲಿನ ತಗಡು ಬಿಸಿಲಲ್ಲಿ ಹೊಳೆಯುತ್ತಿತ್ತು, ಅದರ ಮೇಲೆ ಪಾರಿವಾಳಗಳು ಕೂತಿದ್ದವು. ಅವು ಇನ್ನೂ ಕೂತಿವೆ, ಇನ್ನೂ ಕೂತಿವೆ ಅಂತ ನೋಡುತ್ತಿದ್ದೆ. ಪಕ್ಕದಲ್ಲಿ ಅತ್ತೆಯವರು ಓಂ ನಮಃ ಶಿವಾಯ ಅನ್ನುತ್ತಿದ್ದರು. ನನ್ನ ಬಾಯಲ್ಲಿ ಕಾನ್ವೆಂಟಿನ ಪ್ರಾರ್ಥನೆ, ಹೇಲ್ ಮೇರಿ. ಮುಷ್ಟಿಯಲ್ಲಿ ಅಂಕಲ್ ವಾಚು. ಅದರ ಸದ್ದು ನನ್ನ ತೋಳಿನೊಳಗೆ ಹತ್ತಿ ಎದೆಗೆ ಬರುತ್ತಿತ್ತು. ಗಂಡನ ಮುಖ ನೆನಪಿಸಿಕೊಳ್ಳಲು ನೋಡಿದೆ. ಬರಲಿಲ್ಲ. ಅಷ್ಟು ಭಯ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಆಸ್ಪತ್ರೆಯಲ್ಲಿ ನಮ್ಮವರ ಕೊನೆಯ ದಿನಗಳಲ್ಲೂ ಆಗಲಿಲ್ಲ.

ಆಗ ಪಾರಿವಾಳಗಳು ಒಟ್ಟಿಗೇ ಎದ್ದವು. ಹಿಂದೆಯೇ ಒಂದು ಚೀರಾಟ. ಮನುಷ್ಯರದ್ದಲ್ಲ, ಪ್ರಾಣಿಯದ್ದೂ ಅಲ್ಲ. ತಗಡಿನ ಸಂದಿಗಳಿಂದ ಬೆಳ್ಳಗೆ ಹೊಗೆಯಂಥದ್ದು ನುಗ್ಗಿ ಬಂತು. ಮುಗಿಯಿತು, ಒಡೆಯಿತು ಅಂತ ನಾನು ಮಣ್ಣಿನಲ್ಲೇ ಕೂತುಬಿಟ್ಟೆ.

ಆ ಬಿಳುಪಿನೊಳಗಿಂದ ನಮ್ಮವರು ನಡೆದು ಬಂದರು. ಮೈಯೆಲ್ಲ ಬೂದಿ. ಅವರ ಹಿಂದೆ ಅಂಕಲ್, ಕೈಯಲ್ಲಿ ಆಡುಗಳಿಗೆ ಮರದ ಸೊಪ್ಪು ಎಳೆಯುವ ನಮ್ಮ ಉದ್ದನೆಯ ಕೊಕ್ಕೆಗೋಲು. ಬೆಂಕಿಯನ್ನೆಲ್ಲ ಹೊರಗೆಳೆದು, ಟ್ಯಾಂಕಿಗೆ ಸ್ಟೀಮ್ ಬಿಟ್ಟಮೇಲೆ ಮುಳ್ಳು ಇಳಿಯತೊಡಗಿತಂತೆ. ಆದರೂ ಕೆಂಪು ಗೆರೆಯ ಮೇಲೆಯೇ ಇತ್ತಂತೆ. ಆಗ ಅಂಕಲ್ ಬಾಗಿಲಲ್ಲಿ ನಿಂತು, ದೂರದಿಂದಲೇ ಕೊಕ್ಕೆ ಹಾಕಿ ಗಂಟು ಜಗ್ಗಿದರಂತೆ. ಕಾಯಿ ಬಿತ್ತು. ತೋಳು ಎದ್ದಿತು. ಬಾಯ್ಲರ್ ಉಸಿರು ಬಿಟ್ಟಿತು.

ಒಡೆದು ಚೂರಾಗಿದ್ದ ಕುಂಬಳಕಾಯಿಯನ್ನು ನೋಡಿ ಅತ್ತೆಯವರು ಎರಡೂ ಕೈ ಎತ್ತಿದರು. "ನೋಡ್ರಿ! ಎಲ್ಲಾ ತನ್ನ ಮ್ಯಾಲ ತಗೊಂಡು ಒಡೀತು. ಅದು ಇರದಿದ್ರ ಇವತ್ತ ಏನ್ ಗತಿ ಆಗತಿತ್ತು!"

ಮಾವನವರು ಅಂಕಲ್ ಮುಖ ನೋಡಿದರು. ಅಂಕಲ್ ಕನ್ನಡಕ ತೆಗೆದು ಒರೆಸಿಕೊಂಡರು. "ಹೌದ್ರೀ ಅವ್ವಾರ," ಅಂದರು. "ಆದ್ರ ಮುಂದಿನ ಸಲ ಅದನ್ನ ಬಾಗಲಕ್ಕ ಕಟ್ಟಸ್ರಿ. ಕಣ್ಣು ಒಳಗ ಬರೂದು ಬಾಗಲದಿಂದನ ಅಲ್ಲೇನ್ರಿ?"

"ಖರೇ ಬಿಡಪ್ಪಾ. ಶಾಣ್ಯಾ ಇದ್ದಿ," ಅಂದರು ಅತ್ತೆ. ತಾವೇ ಮನೆ ಉಳಿಸಿದೆವೆಂದು ಕೊನೆಯವರೆಗೂ ನಂಬಿದ್ದರು. ನಾವೂ ಹಾಗೇ ಬಿಟ್ಟೆವು.

ಚಹಾ ಕೊಟ್ಟಾಗ ಅಂಕಲ್ ಸಾಸರ್ ಬದಿಗಿಟ್ಟರು. ಎರಡು ಕೈಯಲ್ಲಿ ಕಪ್ಪನ್ನಷ್ಟೇ ಹಿಡಿದು ಕೂತರು. ವಾಚು ವಾಪಸ್ ಕೊಟ್ಟೆ. ಅದರ ಸ್ಟೀಲ್ ಪಟ್ಟಿಯ ಗುರುತು ನನ್ನ ಅಂಗೈಯಲ್ಲಿ ಕೆಂಪಗೆ ಮೂಡಿತ್ತು. ಅವರು ನನ್ನ ಮಡಿಲ ಕೂಸನ್ನೇ ನೋಡುತ್ತ, ಅರ್ಧ ಕನ್ನಡ ಅರ್ಧ ಇಂಗ್ಲಿಷಿನಲ್ಲಿ ಹೇಳಿದರು. ಕೆಲಸಕ್ಕೆ ಹೊಸತರಲ್ಲಿ ದೇವದುರ್ಗದ ಕಡೆ ಒಂದು ಜಿನ್ನಿಂಗ್ ಮಿಲ್ಲಿಗೆ ಹೋಗಿದ್ದರಂತೆ. ಮಾಲೀಕ ಒಳ್ಳೆಯವನು. ಮನೆಯಲ್ಲಿ ಕೂರಿಸಿ ಊಟಕ್ಕೆ ಹಾಕಿದ. ಉಂಡಮೇಲೆ ಮತ್ತೆ ಬೆಂಕಿ ಹಾಕಿಸಿ, ಎಲ್ಲರನ್ನೂ ಕಾಯಿಸುವುದಕ್ಕೆ ಇವರಿಗೆ ನಾಚಿಕೆಯಾಯಿತು. ಬಾಯ್ಲರಿನ ಉಸಿರು ಕೇಳದೆಯೇ ಗುಡ್ ವರ್ಕಿಂಗ್ ಕಂಡೀಷನ್ ಅಂತ ಬರೆದು ಬಂದರು. ಆಮೇಲೆ ಸ್ವಲ್ಪ ದಿನಕ್ಕೆ ಆ ಬಾಯ್ಲರ್...

"ಹಿ ಹ್ಯಾಡ್ ಎ ಚೈಲ್ಡ್ ಟೂ," ಅಂದರು. ಚಹಾ ಮುಗಿಸಿ ಕಪ್ಪು ಕೆಳಗಿಟ್ಟು, "ಅವತ್ತ ಊಟಕ್ಕ ಸಂಕೋಚ ಮಾಡಿದೆ ತಂಗೀ. ಇವತ್ತ ಹೂವಿಗೆ," ಅಂದರು.

ಉಳಿದ ಮಷಿನ್‌ಗಳಿಗೆಲ್ಲ ಅವರು ಒಳ್ಳೆಯ ಬೆಲೆಯನ್ನೇ ಬರೆದರು. ಬಾಯ್ಲರಿಗೆ ಮಾತ್ರ ಗುಜರಿ ಕಬ್ಬಿಣದ ಬೆಲೆ. ಅವರು ಒರೆಸಿದ ಬಣ್ಣದ ಕೆಳಗೆ ತುಕ್ಕು ಎಷ್ಟು ಆಳ ತಿಂದಿತ್ತೆಂದು ನಮ್ಮವರೂ ನೋಡಿದ್ದರು. ಮಾವನವರಿಗೆ ಬಹಳ ನೋವಾಯಿತು. "ನಮ್ಮಪ್ಪನ್ನ ಗುಜರಿ ಅಂದಂಗಾತಲ್ರೀ ಸಾಹೇಬ್ರ." ಅಂಕಲ್ ಎದ್ದು ನಿಂತರು. "ನಿಮ್ಮಪ್ಪಗ ಕೈ ಮುಗೀತೀನ್ರಿ. ನಾ ಬರದಿದ್ದು ಕಬ್ಬಿಣಕ್ಕ." ಶೆಲ್ಲರ್ ಆಮೇಲೆ ನೋಡೋಣ ಅಂತ ಬಿಟ್ಟರು ಮಾವನವರು. ಆ ಸುಗ್ಗಿಯಲ್ಲಿ ಹಳೆಯ ಬಾಯ್ಲರಿಗೆ ಬೆಂಕಿ ಬೀಳಲಿಲ್ಲ. ಹೊಸ ಬಾಯ್ಲರ್ ಬರುವವರೆಗೆ ಭತ್ತ ಬೇಯಿಸದೆ ಹಸಿ ಅಕ್ಕಿಯಷ್ಟೇ ಮಾಡಿದರು.

ಅಂದು ಸಂಜೆ ಮಾವನವರು ತಾವೇ ತೊಟ್ಟಿಲನ್ನು ಎತ್ತಿ ನಡುಮನೆಗೆ ತಂದಿಟ್ಟರು. ಅತ್ತೆಯವರು ಬಾಯಿ ತೆರೆದಾಗ ಕೈ ಅಡ್ಡ ಮಾಡಿದರು. ನನ್ನತ್ತ ತಿರುಗಿ ಮೊದಲ ಸಲ ಮಾತಾಡಿದರು: "ಯವ್ವಾ, ಇನ್ನ ಮ್ಯಾಲ ಏನಾರ ಕಂಡ್ರ ಕನ್ನಡದಾಗ ಹೇಳು. ನನಗೂ ತಿಳೀಲಿ."

ಅಂಕಲ್ ಆಮೇಲೆ ಪ್ರತಿ ವರ್ಷ ಆಯುಧಪೂಜೆಯ ಮರುದಿನ ಬರುತ್ತಿದ್ದರು. ಯಾರೂ ಕರೆದಿರಲಿಲ್ಲ, ಅದು ಅವರ ಡ್ಯೂಟಿಯೂ ಅಲ್ಲ. ಬಸ್ಸಿನಿಂದ ಇಳಿದು ಮೊದಲು ಬಾಗಿಲು ನೋಡುವರು. ಅಲ್ಲಿ ಅತ್ತೆಯವರ ಕುಂಬಳಕಾಯಿ ತೂಗುತ್ತಿರುವುದು. ಅದಕ್ಕೊಂದು ನಮಸ್ಕಾರ. ಆಮೇಲೆ ಶೆಡ್ಡಿಗೆ ಹೋಗಿ, ಏಣಿ ಹತ್ತಿ, ಹೊಸ ಬಾಯ್ಲರಿನ ವಾಲ್ವನ್ನು ಪೇಂಟು ಮೆತ್ತಿದೆಯೇನು ಅಂತ ಬೆರಳಾಡಿಸಿ ನೋಡುವರು. ಅಷ್ಟಾದ ಮೇಲೇ ಹೋಳಿಗೆಗೆ ಕೂಡುವರು, ಯಾವಾಗಲೂ ಬಾಗಿಲಿಗೆ ಮುಖ ಮಾಡಿ. ಮಗಳು ಅವರ ಕ್ಲಿಪ್ಪುಗಳನ್ನು ಬಿಚ್ಚಿ ಓಡುವಳು.

ಒಂದು ವರ್ಷ ಬರಲಿಲ್ಲ. "ಬಸ್ ತಪ್ಪಿರಬೇಕು, ಎತ್ತಿಡು," ಅಂದರು ಅತ್ತೆ. ಹೋಳಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತಿಟ್ಟೆ. ಮರುದಿನವೂ ಇಟ್ಟಿದ್ದೆ. ನಮ್ಮವರು ರಾಯಚೂರಿಗೆ ಹೋಗಿ ವಿಚಾರಿಸಿದರು. ಬೇಸಿಗೆಯಲ್ಲೇ ತೀರಿಕೊಂಡಿದ್ದರಂತೆ, ಮಲಗಿದಲ್ಲೇ. ನಮಗೆ ತಿಳಿಸುವವರು ಯಾರು? ನಾವು ಅವರಿಗೆ ಏನಾಗಬೇಕಿತ್ತು? ಅವರು ನೋಡಿದ ನೂರಾರು ಮಿಲ್ಲುಗಳಲ್ಲಿ ಒಂದು... ಮಲಗಿದಲ್ಲೇ ಅಂತ ಕೇಳಿ ನನಗೆ ಸಮಾಧಾನವಾಯಿತು. ಸಮಾಧಾನವಾಯಿತಲ್ಲ ಅಂತ ಅಳುವೂ ಬಂತು.

ಇವತ್ತು ಪೂಜೆ. ಮಗಳು ಕುಕ್ಕರ್ ಇಟ್ಟಳು. ಅದು ಸಿಳ್ಳೆ ಹಾಕುವವರೆಗೆ ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಮುಖ ಮಾಡಿ ನಿಂತಿದ್ದೆ. ಅವಳು ನಕ್ಕಳು. ಅವಳಿಗೂ ಈಗ ಕೂದಲು ಬೆಳ್ಳಗಾಗಿವೆ. ಆಮೇಲೆ ಮೆಲ್ಲಗೆ ಕೆಳಗಿಳಿದು ಗೇಟಿನ ತನಕ ಹೋದೆ. ಸಿಲ್ವರ್ ಪೇಂಟ್ ಒಣಗಿತ್ತು. ವಾಚ್‌ಮನ್ ಒಂದು ದಪ್ಪನೆಯ ಬೂದುಗುಂಬಳ ಕಟ್ಟಿದ್ದ. ಅದು ಯಾವುದಕ್ಕೆ ತೂಗುತ್ತಿದೆ ಅಂತ ಕತ್ತೆತ್ತಿ ನೋಡಿದೆ. ಗೇಟಿನ ಮೇಲಿನ ಒಂದು ಕೊಂಡಿ, ಅಷ್ಟೇ.

"ಏನ್ ನೋಡಾಕತ್ತೀರಿ ಯವ್ವಾ?"

"ಎಲ್ಲಿ ಕಟ್ಟೀದಿ ಅಂತ ನೋಡಾಕತ್ತೀನಿ."

"ಬಾಗಲಕ್ಕ ರೀ. ಮತ್ತೆಲ್ಲಿ ಕಟ್ಟತಾರ?"

ಹೌದು, ಮತ್ತೆಲ್ಲಿ. ಬಾಗಿಲಿಗೇ ಕಟ್ಟಿದ್ದಾರೆ ಅಂಕಲ್, ಅಂತ ಹೇಳಿಕೊಂಡೆ, ಇಂಗ್ಲಿಷಿನಲ್ಲಿ. ನಾಳೆ ಹಬ್ಬದ ಮರು­ದಿನ. ಬಸ್ಸಿಳಿದು ಬಂದು ಇದನ್ನು ನೋಡುವವರು ಯಾರೂ ಇಲ್ಲ.